ಕಾಯಿ ಬಿಡದ ಮುರುಗಲು ಮರ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಶಿರಸಿ ಹತ್ತಿರದ ನಮ್ಮ ಊರಿಗೆ ಹೋಗಿದ್ದಾಗ, ಹಿತ್ತಲ ಅಂಚಿನ ಮರವೊಂದನ್ನು ಕಡಿಸೋದು ಅಂತ ಯಜಮಾನರೂ ನಾನೂ ತೀರ್ಮಾನಿಸಿದ್ದೆವು. ಮದುವೆಯಾದ ವರ್ಷ ನಾನೇ ನೆಟ್ಟ ಮುರುಗಲು ಸಸಿ ಅದು. 11 ವರ್ಷವಾದರೂ ಒಂದು ಕಾಯಿ ಕಂಡಿಲ್ಲ. ಇದು ಮುರುಗಲೇ ಅಲ್ಲವೇನೋ ಅನ್ನೋದು ನನ್ನ ಅನುಮಾನ.

ಅತ್ತೆ ಕೇಳಿಸಿಕೊಂಡವರೇ, "ಕಡಿಯಡ ತಂಗಿ, ಮೊದ್ಲು ಬೆಟ್ಟಕ್ಕೆ ಹೋಗ್ಬಪ್ಪನ ಬಾ" ಎಂದರು.

ನಮ್ಮಲ್ಲಿ ಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ತೋಟ ದಾಟಿ ಹಳ್ಳದ ದಂಡೆಗುಂಟ ನಡೆದೆವು. ನೆರಳು, ತೇವ ಇರುವ ಇಂಥ ಜಾಗವೇ ಮುರುಗಲಿಗೆ ಇಷ್ಟ. ಕರಾವಳಿಯಲ್ಲಿ ಪುನರ್ಪುಳಿ, ಕೊಂಕಣಿ ಮರಾಠಿಯವರಿಗೆ ಕೋಕಂ ಆಗುವ ಮರ ಇದೇ.

ಅತ್ತೆ ಗುರುತು ಹೇಳುತ್ತಾ ಹೋದರು. ಕೊಂಬೆಗಳು ಕೆಳಗೆ ಜೋತುಬಿದ್ದು ದೂರಕ್ಕೆ ಗೋಪುರದ ಹಾಗೆ ಕಾಣುತ್ತವೆ. ಎಲೆಗಳು ಎದುರುಬದುರು, ಮೇಲೆ ಕಡುಹಸಿರು, ಅಡಿಯಲ್ಲಿ ಮಾಸಲು. ಚಿಗುರು ಕೆಂಪು, ಅಗಿದರೆ ಹುಳಿ. ಚಿವುಟಿದರೆ ಹಳದಿ ಹಾಲು. ಇದರ ದಾಯಾದಿ ಉಪ್ಪಾಗೆಯ ಎಲೆ ನೋಡಿ ಮೋಸ ಹೋಗಬಹುದು, ಹಣ್ಣು ನೋಡಿದರೆ ಇಲ್ಲ. ಮುರುಗಲು ಹಣ್ಣು ಗುಂಡಗೆ, ನುಣ್ಣಗೆ, ಕಡುಕೆಂಪು, ಏಪ್ರಿಲ್-ಮೇನಲ್ಲಿ ಮಾಗುತ್ತದೆ. ಉಪ್ಪಾಗೆ ಹಳದಿ, ಮೈತುಂಬ ಗೀರು, ಮಾಗೋದು ಮಳೆಗಾಲದಲ್ಲಿ.

ಹಳ್ಳದ ಪಕ್ಕದ ಎರಡು ಮರಗಳಲ್ಲಿ ಹೂವಿತ್ತು. ಒಂದರಲ್ಲಿ ಗೊಂಚಲು ಗೊಂಚಲು, ಪ್ರತಿ ಹೂವಿನ ನಡುವೆ ಹಳದಿ ಕೇಸರದ ಮುದ್ದೆ. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಹೂವು, ನಡುವೆ ಪುಟ್ಟ ಹಸಿರು ಗುಂಡು. "ಈ ಗುಂಡೇ ಕಾಯಾಗದು. ಅದು ಗಂಡು, ಇದು ಹೆಣ್ಣು."

ಬೀಜದ ಸಸಿ ಹೂ ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಸುಮಾರು ಅರ್ಧದಷ್ಟು ಗಂಡೇ ಆಗುತ್ತವಂತೆ. ಕಾಯಿ ಖಚಿತವಾಗಿ ಬೇಕೆಂದರೆ ಹೆಣ್ಣುಮರದ ಕುಡಿ ಕಟ್ಟಿದ ಕಸಿ ಗಿಡವನ್ನೇ ನೆಡಬೇಕು.

ಮನೆಗೆ ಬಂದವಳೇ ಹಿತ್ತಲಿಗೆ ಓಡಿದೆ. ಕೊಂಬೆಯ ತುಂಬ ಗೊಂಚಲು, ನಡುವೆ ಹಳದಿ ಮುದ್ದೆ! ಪ್ರತಿವರ್ಷ ಹೂ ಬಿಡುತ್ತಿತ್ತೇನೋ. ನಾವು ಬರುತ್ತಿದ್ದುದು ಮೇ ರಜೆಗೆ, ಕಾಯಿ ಹುಡುಕಲು. ಬೇಲಿಯಾಚೆ ಪಕ್ಕದ ಮನೆಯವರ ಎರಡು ಮರ ಕಾಯಿ ಬಿಡುತ್ತವೆ. ಅವರು ಕೊಟ್ಟ ಹಣ್ಣಿನ ಸಿಪ್ಪೆಯನ್ನೇ ಅತ್ತೆ ಬೇಸಿಗೆಯಲ್ಲಿ ಒಣಗಿಸಿ ಭರಣಿಗೆ ತುಂಬಿಡೋದು. ಆ ಹೂವುಗಳಿಗೆ ಪರಾಗ ಒದಗಿಸುವುದರಲ್ಲಿ ನಮ್ಮ ಮರದ ಪಾಲೂ ಇದ್ದೀತು.

ಕಡಿಯಲು ಹೇಳಿಕಳಿಸಿದ್ದ ಆಳಿಗೆ ಯಜಮಾನರು ಫೋನ್ ಮಾಡಿ ಬೇಡವೆಂದರು. ರಾತ್ರಿ ಊಟಕ್ಕೆ ಮುರುಗಲು ಸಾರು. ಬಡಿಸುವಾಗ ಅತ್ತೆ ನನ್ನ ಮುಖ ನೋಡಿ ನಕ್ಕರು, ಮಾತಾಡಲಿಲ್ಲ.