ಅಂಗಡಿಗೆ ಬಾರದ ಆಟಗಳು



ನಿಮ್ಮಲ್ಲಿ ಮೂವತ್ತರ ಆಸುಪಾಸಿನವರಿಗೆ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮಿನ ನೆನಪು ಇದ್ದೇ ಇರುತ್ತದೆ. ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂಬ ದೊಡ್ಡ ಸುಳ್ಳು, ಒಳಗೆ ಅವೇ ಹತ್ತಿಪ್ಪತ್ತು ಆಟಗಳು ತಿರುಗಿ ತಿರುಗಿ ಬರುತ್ತಿದ್ದವು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಗ ಮಾರಿಯೋ ಆಡಲು ಕುಳಿತರೆ ನನ್ನ ಧಾರಾವಾಹಿ ತಪ್ಪುತ್ತಿತ್ತು. ಈ ಆಟಗಳ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇರಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಕಳೆದ ದೀಪಾವಳಿಗೆ ಬಂದಿದ್ದಾಗ ಅವನು ಒಂದು ಕಥೆ ಹೇಳಿದ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಮನೆವಾರ್ತೆಯಲ್ಲೇ ಕಳೆದ ನನಗೆ ಅದು ಆಟದ ಕಥೆ ಅನ್ನಿಸಲಿಲ್ಲ, ಅನುವಾದಕನೊಬ್ಬನ ಕಥೆ ಅನ್ನಿಸಿತು. ನಿಮಗೂ ಹೇಳುತ್ತೇನೆ. ಕನ್ನಡ ಓದಲು ತಡವರಿಸುವವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ.

ಜಪಾನಿನಲ್ಲಿ ಶಿಗೆಸಾತೊ ಇತೋಯಿ ಎಂಬವರಿದ್ದಾರೆ. ಜಾಹೀರಾತಿಗೆ ಮಾತು ಬರೆದು ಹೆಸರಾದವರು. ಅವರು ರೂಪಿಸಿದ 'ಮದರ್' ಎಂಬ ಆಟವನ್ನು ನಿಂಟೆಂಡೋ ಕಂಪನಿ 1989ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು. ಪಾತ್ರಗಳು ಮಾತಾಡುತ್ತಾ ಸಾಗುವ ಕಥೆಯ ಆಟ ಅದು. ಅಮೆರಿಕದ ಮಕ್ಕಳಿಗಾಗಿ ಫಿಲ್ ಸ್ಯಾಂಡ್‌ಹಾಪ್ ಎಂಬ ನಿಂಟೆಂಡೋ ನೌಕರ ಅದನ್ನು ಇಂಗ್ಲಿಷಿಗೆ ಒಗ್ಗಿಸುವ ಕೆಲಸ ಮಾಡಿದರು. ಅಲ್ಲಿನ ಕಂಪನಿಯ ಮಡಿವಂತಿಕೆಗೆ ತಕ್ಕಂತೆ ಚಿತ್ರಗಳನ್ನೂ ತಿದ್ದಿದರು. ಮೂಲದಲ್ಲಿ ಸಿಗರೇಟು ಹಿಡಿದಿದ್ದ ಕಾಗೆಯ ಸಿಗರೇಟು ಮಾಯವಾಯಿತು! ಓಡಲು ಒಂದು ಗುಂಡಿ ಸೇರಿತು, ಕೊನೆಯ ದೃಶ್ಯ ಹಿಗ್ಗಿತು. 1990ರ ಹೊತ್ತಿಗೆ ಎಲ್ಲವೂ ಸಿದ್ಧ. ಆದರೆ ಸೂಪರ್ ನಿಂಟೆಂಡೋ ಎಂಬ ಹೊಸ ಯಂತ್ರ 1991ರಲ್ಲಿ ಅಮೆರಿಕಕ್ಕೆ ಬರಲಿತ್ತು. ಹಳೆಯ ಯಂತ್ರದ ಆಟಕ್ಕೆ ಯಾರು ದುಡ್ಡು ಹಾಕುತ್ತಾರೆ? ಅನುವಾದ ಕಪಾಟು ಸೇರಿತು.

ಒಬ್ಬ ಮನುಷ್ಯ ಕುಳಿತು ಸಾಲುಸಾಲಾಗಿ ತಿದ್ದಿ ಬರೆದದ್ದನ್ನು ಯಾರೂ ಓದಲಿಲ್ಲ ಎಂದರೆ ನನಗೆ ಹೊಟ್ಟೆಯಲ್ಲಿ ಹೇಗೋ ಆಗುತ್ತದೆ.

ಅದು ಉಳಿದದ್ದು ಪ್ರೋಟೋಟೈಪ್‌ನಿಂದ, ಅಂದರೆ ಕಾರ್ಖಾನೆಗೆ ಹೋಗುವ ಮುಂಚಿನ ಪರೀಕ್ಷಾ ಕ್ಯಾಸೆಟ್ಟಿನಿಂದ. ಅಂಥದೊಂದು ಸಂಗ್ರಾಹಕರ ಕೈಸೇರಿತ್ತು. 1998ರಲ್ಲಿ ಅಭಿಮಾನಿಗಳ ಗುಂಪೊಂದು 400 ಡಾಲರ್ ಹೊಂದಿಸಿ, ಅದರಲ್ಲಿದ್ದುದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು ಎಲ್ಲರಿಗೂ ಹಂಚಿತು. ಇದು ಅಸಲಿಯಲ್ಲ, ಯಾರೋ ಕಟ್ಟಿದ್ದು ಎಂದು ಅನುಮಾನಿಸಿದವರೂ ಇದ್ದರು. ಇನ್ನೊಂದು ತಮಾಷೆ ಕೇಳಿ: 2003ರಲ್ಲಿ ಜಪಾನಿನಲ್ಲೇ ಆ ಆಟ ಮರುಬಿಡುಗಡೆಯಾದಾಗ ಇಂಗ್ಲಿಷ್ ರೂಪಕ್ಕೆಂದು ಮಾಡಿದ್ದ ಓಡುವ ಗುಂಡಿ, ಹಿಗ್ಗಿದ ಕೊನೆ ಎರಡೂ ಅದರಲ್ಲಿದ್ದವು. ಹೊರಬಾರದ ತಂಗಿಯ ಒಡವೆಯನ್ನು ಅಕ್ಕ ತೊಟ್ಟ ಹಾಗೆ. ಕೊನೆಗೆ 2015ರಲ್ಲಿ, ಇಪ್ಪತ್ತೈದು ವರ್ಷದ ಬಳಿಕ, ಕಂಪನಿ ತಾನೇ 'ಅರ್ತ್‌ಬೌಂಡ್ ಬಿಗಿನಿಂಗ್ಸ್' ಎಂದು ಇಂಗ್ಲಿಷ್ ರೂಪವನ್ನು ಹೊರತಂದಿತು.

ಎಲ್ಲ ಪ್ರೋಟೋಟೈಪುಗಳಿಗೂ ಈ ಭಾಗ್ಯವಿಲ್ಲ. ಸಾಮಾನ್ಯವಾಗಿ ಅವುಗಳಲ್ಲಿ ಇರುವುದು ಅಳಿಸಿ ಮತ್ತೆ ಬರೆಯಬಹುದಾದ ಇಪ್ರಾಮ್ ಎಂಬ ಚಿಪ್. ಅದರ ಮೇಲೊಂದು ಪುಟ್ಟ ಗಾಜಿನ ಕಿಟಕಿ. ಅಲ್ಲಿ ಅತಿನೇರಳೆ ಕಿರಣ ಬಿದ್ದರೆ ಬರೆದದ್ದು ಅಳಿಸುತ್ತದೆ, ಅದಕ್ಕೇ ಕಿಟಕಿಗೆ ಸ್ಟಿಕರ್ ಅಂಟಿಸಿರುತ್ತಾರೆ. ಕತ್ತಲಲ್ಲಿಟ್ಟರೂ ಒಳಗೆ ಹಿಡಿದಿಟ್ಟ ವಿದ್ಯುತ್ತು ದಶಕಗಳಲ್ಲಿ ಮೆಲ್ಲಗೆ ಸೋರಿ ಅಕ್ಷರಗಳು ಕೆಡುತ್ತವೆ. ಕೆಲವು ಸಂಗ್ರಾಹಕರು ಮಾತ್ರ ನಕಲು ಮಾಡಲು ಬಿಡುವುದಿಲ್ಲ, ಎಲ್ಲರ ಬಳಿಯೂ ಇದ್ದರೆ ತಮ್ಮದರ ಬೆಲೆ ಇಳಿದೀತೆಂಬ ಭಯ. ಬಂಗಾರವನ್ನು ಲಾಕರಿನಲ್ಲಿಟ್ಟರೆ ಬಂಗಾರವಾಗಿಯೇ ಇರುತ್ತದೆ. ಇದು ಕರ್ಪೂರದ ಜಾತಿ, ಡಬ್ಬಿ ಭದ್ರವಾಗಿದ್ದರೂ ಒಳಗಿನದು ಕರಗುತ್ತದೆ.

ಆಟದ ಹಕ್ಕು ಕಂಪನಿಯದು, ಅಪ್ಪಣೆಯಿಲ್ಲದೆ ಹಂಚುವುದು ಕಾನೂನಿಗೆ ವಿರುದ್ಧ ಎಂಬ ಮಾತೂ ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಕ್ಕುಳ್ಳವರೇ ಜೋಪಾನ ಮಾಡದಿದ್ದರೆ? 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲೇ ನೂರಕ್ಕೆ 87 ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಬಿಡುಗಡೆಯಾದವುಗಳ ಪಾಡೇ ಇದು. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ. ಅದೂ ಜನ ನೋಡಿದ ಚಿತ್ರವೇ.

ಇದೆಲ್ಲ ಜಪಾನು ಅಮೆರಿಕದ ಮಾತು ಎನ್ನಬೇಡಿ. 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಎಂಬ ಆಟದ ಹೊಸ ರೂಪ ಬರುತ್ತದೆಂದು ಯೂಬಿಸಾಫ್ಟ್ 2020ರಲ್ಲಿ ಸಾರಿತ್ತು. ಅದನ್ನು ತಯಾರಿಸುತ್ತಿದ್ದುದು ಅವರ ಪುಣೆ, ಮುಂಬಯಿ ಕಚೇರಿಗಳಲ್ಲೇ. 2022ರಲ್ಲಿ ಕೆಲಸವನ್ನು ಕೆನಡಾದ ಮಾಂಟ್ರಿಯಲ್ಲಿಗೆ ವರ್ಗಾಯಿಸಿದರು. ನಮ್ಮೂರ ಹುಡುಗ ಹುಡುಗಿಯರು ರಾತ್ರಿ ಹಗಲು ಕುಳಿತು ಮಾಡಿದ್ದು ಅಂಗಡಿಗೆ ಬರಲೇ ಇಲ್ಲ.

ಇಂಥ ಕಚೇರಿಗಳಲ್ಲಿ ಕೆಲಸ ಮಾಡುವವರು ನಿಮ್ಮಲ್ಲೂ ಇದ್ದೀರಿ. ಪ್ರತಿ ಮಾಡಿ ಮನೆಗೆ ತನ್ನಿ ಎಂದು ನಾನು ಹೇಳಲಾರೆ, ಅದು ನೌಕರಿಗೇ ಕುತ್ತು. ಆದರೆ ನಿಂತುಹೋದ ಕೆಲಸವನ್ನು ಎಲ್ಲಿ ಇಡುತ್ತೀರಿ, ಎಷ್ಟು ವರ್ಷ ಇಡುತ್ತೀರಿ, ಅದರ ಹೊಣೆ ಯಾರದು ಎಂದು ನಿಮ್ಮ ಮೇಲಿನವರನ್ನು ಒಂದು ಮಾತು ಕೇಳಬಹುದಲ್ಲ?