ವೃಷಭಾವತಿಯ ದಡದ ಕೆಂಗೇರಿ

ಬೆಂಗಳೂರಿನಿಂದ ಮೈಸೂರಿನತ್ತ ಸಾಗುವ ಹಾದಿಯಲ್ಲಿ ಸುಮಾರು 15 ಕಿಲೋಮೀಟರುಗಳಷ್ಟು ಕ್ರಮಿಸಿದರೆ ಕೆಂಗೇರಿ ದೊರೆಯುತ್ತದೆ. ಇಂದು ಮೊದಲ ಬಾರಿಗೆ ಅಲ್ಲಿಗೆ ಬರುವವರಿಗೆ ಅದು ಮಹಾನಗರದ ಮತ್ತೊಂದು ಬಡಾವಣೆಯಂತೆಯೇ ತೋರೀತು. ಆದರೆ ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ 1970ರ ದಶಕದ ಕೊನೆಯ ವರ್ಷಗಳಲ್ಲಿ, ಗುರುಗಳ ಹಿಂದೆ ಪೂಜೆಯ ಪೆಟ್ಟಿಗೆಯನ್ನು ಹೊತ್ತು ಭಕ್ತರ ಮನೆಗೆ ಹೋಗುತ್ತಿದ್ದಾಗ, ಅದೊಂದು ಹೋಬಳಿಯ ಊರು. ಬಸ್ಸಿಳಿದರೆ ರಾಗಿಯ ಹೊಲ, ತೆಂಗಿನ ತೋಟ, ಅವರೆಯ ಸೊಗಡು. ಸಂತೆಯ ದಿನ ಸುತ್ತಣ ಹಳ್ಳಿಗಳ ಗಾಡಿಗಳು ಬಂದು ನಿಲ್ಲುತ್ತಿದ್ದವು.

ಊರಿನ ಹೆಸರಿನ ಬಗೆಗೆ ಎರಡು ಮಾತುಗಳುಂಟು. ತೆಂಗಿನ ಕೇರಿಯೇ ಕಾಲಾಂತರದಲ್ಲಿ ಕೆಂಗೇರಿಯಾಯಿತೆಂದು ಊರ ಹಿರಿಯರು ಹೇಳುತ್ತಿದ್ದರು. ಕೆಚ್ಚನೆಯ ಕೇರಿ ಕೆಂಗೇರಿಯಾಯಿತೆಂಬುದು ವ್ಯಾಕರಣಕ್ಕೆ ಹೆಚ್ಚು ಒಪ್ಪುವ ಮಾತು. ಯಾವುದನ್ನು ಒಪ್ಪಿದರೂ ಊರಿನ ನೆಲವೋ ಬೆಳೆಯೋ ಆ ಹೆಸರಿನಲ್ಲಿ ಉಳಿದುಕೊಂಡಿದೆ.

ಹತ್ತೊಂಬತ್ತನೆಯ ಶತಮಾನದ ಮಹಾಕ್ಷಾಮ ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಕಾಡಿತು. ಹಸಿದವರಿಗೆ ಕೂಲಿಯನ್ನೊದಗಿಸುವ ಕಾಮಗಾರಿಯಾಗಿಯೂ ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ನಡೆಯಿತು. 1880ರ ದಶಕದ ಆರಂಭದಲ್ಲಿ ಆ ಮಾರ್ಗ ಪೂರ್ಣಗೊಂಡಾಗ ಕೆಂಗೇರಿಯೂ ಅದರಲ್ಲೊಂದು ನಿಲ್ದಾಣವಾಯಿತು. ನಗರಕ್ಕೂ ಈ ಊರಿಗೂ ಬಿದ್ದ ಮೊದಲ ಕಬ್ಬಿಣದ ನಂಟು ಅದು. ಆದರೂ ಮುಂದೆ ಸುಮಾರು ನೂರು ವರ್ಷ ಊರು ಊರಾಗಿಯೇ ಉಳಿಯಿತು.

ಊರಿನ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರು ವೃಷಭಾವತಿ. ಬೆಂಗಳೂರು ನಿಂತಿರುವುದು ಎತ್ತರದ ದಿಣ್ಣೆಯ ಮೇಲೆ. ಅದರ ಪೂರ್ವದ ಇಳುಕಲಿನ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಪಶ್ಚಿಮದ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಈ ಪಶ್ಚಿಮದ ಹೊಳೆ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬುದು ಪ್ರತೀತಿ. ಸಂಸ್ಕೃತದ ವೃಷಭವೇ ಕನ್ನಡದಲ್ಲಿ ಬಸವ. ಆದುದರಿಂದ ಬಸವನ ಹೆಸರನ್ನೇ ಹೊತ್ತ ಹೊಳೆಯೊಂದು ನಮ್ಮ ನಡುವೆ ಹರಿಯುತ್ತಿದೆಯೆಂದು ಗುರುಗಳು ಅಭಿಮಾನದಿಂದ ಹೇಳುತ್ತಿದ್ದರು. ತಮ್ಮ ಬಾಲ್ಯದಲ್ಲಿ ಅದರ ನೀರನ್ನೇ ಬಿಂದಿಗೆಯಲ್ಲಿ ತಂದು ಇಷ್ಟಲಿಂಗದ ಮಜ್ಜನಕ್ಕೆ ಬಳಸುತ್ತಿದ್ದುದನ್ನು ಭಕ್ತರ ಮನೆಯ ಅಜ್ಜಿಯೊಬ್ಬರು ನೆನೆಯುತ್ತಿದ್ದರು. ನಾವು ಹೋಗುವ ಹೊತ್ತಿಗಾಗಲೇ ಪೂಜೆಗೆ ಬಾವಿಯ ನೀರು ಬಂದಿತ್ತು. ಹೊಳೆಯ ನೀರು ಬಟ್ಟೆಗೂ ಒಲ್ಲೆನೆನ್ನುವ ಸ್ಥಿತಿಗಿಳಿದಿತ್ತು. ಒಂದೇ ಮನೆಯ ಒಬ್ಬರ ಆಯುಷ್ಯದೊಳಗೆ ಇಷ್ಟು ನಡೆದುಹೋಗಿತ್ತು.

ಅನಂತರದ ಬೆಳವಣಿಗೆ ತ್ವರಿತವಾದುದು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯವು 1973ರ ವೇಳೆಗೆ ಸಮೀಪದಲ್ಲಿಯೇ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ಬಂದಿತು. ಹಳೆಯ ಊರಿನ ಪಕ್ಕದಲ್ಲಿ ಕೆಂಗೇರಿ ಉಪನಗರ ಎದ್ದಿತು. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 42 ಸಾವಿರವನ್ನು ದಾಟಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಾಗ ಏಳು ನಗರಸಭೆಗಳೂ 110 ಹಳ್ಳಿಗಳೂ ಅದರಲ್ಲಿ ಲೀನವಾದವು. ಅವುಗಳೊಡನೆ ಸೇರಿದ ಏಕೈಕ ಪುರಸಭೆ ಕೆಂಗೇರಿಯದು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಗೆ ಬಂದಿತು. 2023ರ ಅಕ್ಟೋಬರಿನಲ್ಲಿ ಅದು ಚಲ್ಲಘಟ್ಟದವರೆಗೂ ಮುಂದುವರಿಯಿತು. 2025ರಲ್ಲಿ ಆ ಮಹಾಪಾಲಿಕೆಯೇ ಐದು ಪಾಲಿಕೆಗಳಾಗಿ ಹಂಚಿಹೋಯಿತು.

ಇದನ್ನೆಲ್ಲ ಹಳಿಯುವುದು ನಮ್ಮ ಉದ್ದೇಶವಲ್ಲ. ಹಳ್ಳಿಯ ಹುಡುಗಿಯರು ಇಂದು ನಿರ್ಭಯವಾಗಿ ರೈಲೇರಿ ಕಾಲೇಜಿಗೆ ಹೋಗಿ ಸಂಜೆ ಮನೆ ಸೇರುವುದನ್ನು ಕಂಡಾಗ ನಮಗೆ ಸಂತೋಷವೇ ಆಗುತ್ತದೆ. ದೂರದ ಜಿಲ್ಲೆಗಳಿಂದ ಬಂದ ನಮ್ಮ ಸಮಾಜದ ಎಷ್ಟೋ ಕುಟುಂಬಗಳಿಗೆ ಒಂದು ಸೂರು ದೊರೆತದ್ದೂ ಇಂತಹ ಹೊರವಲಯಗಳಲ್ಲಿಯೇ. ಊರು ಎಲ್ಲರಿಗೂ ಎಡೆಗೊಟ್ಟಿತು. ಎಡೆ ತಪ್ಪಿದ್ದು ನೀರಿಗೆ ಮಾತ್ರ. ಆ ತಪ್ಪಿನಲ್ಲಿ ನಮಗೂ ಪಾಲುಂಟು. ಅದನ್ನು ಹೇಳದೆ ಈ ಬರಹವನ್ನು ಮುಗಿಸಲಾಗದು.

1990ರ ದಶಕದ ಕೊನೆಯಲ್ಲಿ ಕೆಂಗೇರಿಯ ಆಚೆಯ ಹೊಸ ಬಡಾವಣೆಯೊಂದರಲ್ಲಿ ಭಕ್ತರೊಬ್ಬರು ನಿವೇಶನ ಕೊಂಡಿದ್ದರು. ಗುದ್ದಲಿ ಪೂಜೆಗೆ ನಾವು ಹೋಗಿದ್ದೆವು. ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು ಹತ್ತಿರ ಬಂದು ಕೈಮುಗಿದು, "ಬುದ್ಧೀ, ಇದು ಕೆರೆ ಕೋಡಿ ನೀರು ಹೋಗೋ ದಾರಿ," ಎಂದರು. ಮುಹೂರ್ತ ಮೀರುತ್ತಿತ್ತು. ಅವರಿಗೆ ಪ್ರಸಾದವನ್ನಿತ್ತು, ನಾವು ಪೂಜೆಯನ್ನು ನಡೆಸಿದೆವು. ದಿಕ್ಕನ್ನು ನೋಡಿದೆವು, ತಿಥಿಯನ್ನು ನೋಡಿದೆವು. ನೆಲದ ಇಳಿಜಾರನ್ನು ನೋಡಲಿಲ್ಲ.

ಬೆಂಗಳೂರು ಅಪಾರ ಮಳೆಯನ್ನು ಕಂಡ ವರ್ಷ 2022. ಒಂದು ರಾತ್ರಿ ಆ ಮನೆಯೊಳಗೆ ಮೊಳಕಾಲೆತ್ತರದ ನೀರು ನಿಂತಿತು. ಮರುವಾರ ನಾವು ಹೋದಾಗ ಪೂಜಾಗೃಹದ ಗೋಡೆಯ ಮೇಲೆ ಕೆಸರಿನ ಗೆರೆಯೊಂದು ಉಳಿದಿತ್ತು. ಮಕ್ಕಳ ಪುಸ್ತಕಗಳು ಅಂಗಳದಲ್ಲಿ ಒಣಗುತ್ತಿದ್ದವು. ಮನೆಯ ಯಜಮಾನರು ನಮ್ಮನ್ನು ದೂಷಿಸಲಿಲ್ಲ. "ಶಿವನಿಚ್ಛೆ ಅಯ್ಯನವರೇ," ಎಂದು ನಮ್ಮ ಕಾಲಿಗೆರಗಿದರು. ಆ ನಮಸ್ಕಾರದಷ್ಟು ಭಾರವಾದುದನ್ನು ನಾವು ಮತ್ತೊಂದನ್ನು ಹೊತ್ತಿಲ್ಲ. ಅದು ಶಿವನಿಚ್ಛೆಯಾಗಿರಲಿಲ್ಲ, ಹಾದಿ ತಪ್ಪಿಸಿದ ನೀರು ತನ್ನ ಹಾದಿಗೆ ಮರಳಿ ಬಂದಿತ್ತು. ಅದನ್ನು ತಿಳಿಸಿದವರೊಬ್ಬರ ಮಾತನ್ನು ಅಂದು ನಾವು ಕೇಳಿಸಿಕೊಂಡಿರಲಿಲ್ಲ.

ಸೊನ್ನಲಿಗೆಯ ಸಿದ್ಧರಾಮರು ಮಾಡಿದ್ದೇನು? ಹನ್ನೆರಡನೆಯ ಶತಮಾನದಲ್ಲಿ ಆ ಮಹಾತ್ಮರು ಜನರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿಸಿದರು. ಇಂದಿಗೂ ಸೊಲ್ಲಾಪುರದಲ್ಲಿ ಅವರ ಗದ್ದುಗೆಯ ಸುತ್ತ ಆ ಕೆರೆಯುಂಟು. ರಾಘವಾಂಕನು ತನ್ನ ಕಾವ್ಯದಲ್ಲಿ ಅವರ ಚರಿತೆಯನ್ನು ಹಾಡಿದ್ದಾನೆ. ನಾವು ಪಾಠಶಾಲೆಯಲ್ಲಿ ಆ ಪ್ರಸಂಗವನ್ನು ಓದಿ, ಅರ್ಥ ಹೇಳಿ, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಆದರೆ ಕೋಡಿಯ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ. ಓದಿದ್ದು ಕಾಯಕಕ್ಕಿಳಿಯದಿದ್ದರೆ ಅದರ ಫಲವೇನೆಂದು ಅಂದಿನಿಂದ ನಮ್ಮನ್ನು ನಾವೇ ಕೇಳಿಕೊಳ್ಳುತ್ತಿದ್ದೇವೆ.

ಮಹಾನಗರದ ಮನೆಗಳಿಗೆ 1974ರಿಂದಲೂ ಕಾವೇರಿಯ ನೀರು ಬರುತ್ತಿದೆ. ಸುಮಾರು 100 ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆತ್ತಿ ಅದನ್ನು ತರುತ್ತಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಹೊರವಲಯಗಳು ತಲ್ಲಣಿಸಿದುದನ್ನು ವಾಚಕರು ಮರೆತಿರಲಾರರು. ಆ ವರ್ಷದ ಅಕ್ಟೋಬರಿನಲ್ಲಿ ಐದನೆಯ ಹಂತದ ನೀರು 110 ಹಳ್ಳಿಗಳಿಗಾಗಿ ಹರಿಯತೊಡಗಿತು. ಹೀಗೆ ಪ್ರಸಾದದಂತೆ ಬಂದ ನೀರು ನಮ್ಮ ಬಚ್ಚಲುಗಳಿಂದ ವೃಷಭಾವತಿಗಿಳಿಯುತ್ತದೆ. ಕಾರ್ಖಾನೆಗಳ ತ್ಯಾಜ್ಯವೂ ಅದರೊಡಗೂಡಿ, ಬಿಡದಿಯ ಬಳಿಯ ಬೈರಮಂಗಲದ ಜಲಾಶಯದಲ್ಲಿ ನೊರೆಯಾಗಿ ತೇಲುತ್ತದೆ. 1940ರ ದಶಕದಲ್ಲಿ ರೈತರ ನೀರಾವರಿಗೆಂದು ಕಟ್ಟಿದ ಜಲಾಶಯವದು. ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ. ತಾಯಿ ಕೊಟ್ಟದ್ದನ್ನು ನಾವು ಯಾವ ರೂಪದಲ್ಲಿ ಹಿಂದಿರುಗಿಸುತ್ತಿದ್ದೇವೆ? ಪಡೆದುದನ್ನು ಶುದ್ಧವಾಗಿ ಸಮಾಜಕ್ಕೆ ಸಲ್ಲಿಸುವುದೇ ದಾಸೋಹವಾದರೆ, ಇದಕ್ಕೆ ಯಾವ ಹೆಸರು?

ಹೊಳೆಯನ್ನು ಶುದ್ಧಗೊಳಿಸುವುದು ಸರಕಾರದ ಮಹತ್ಕಾರ್ಯ, ಅದು ನಡೆಯಬೇಕು. ಆದರೆ ಮನೆಯವರ ಕೈಯಲ್ಲಿಯೂ ಕೆಲವು ಕೆಲಸಗಳುಂಟು. ಮಳೆನೀರಿನ ಕೊಯ್ಲನ್ನು ಬೆಂಗಳೂರಿನಲ್ಲಿ 2009ರಲ್ಲಿಯೇ ಕಡ್ಡಾಯಗೊಳಿಸಲಾಗಿದೆ. ಅದನ್ನು ದಂಡದ ಭಯಕ್ಕಲ್ಲದೆ ವ್ರತವೆಂದು ಮಾಡಬಹುದು. ಹಳೆಯ ಬಾವಿಯಿದ್ದರೆ ಮುಚ್ಚದೆ ಸೂರಿನ ನೀರನ್ನು ಅದಕ್ಕಿಳಿಸಬಹುದು. ನಿವೇಶನ ಕೊಳ್ಳುವ ಮುನ್ನ ಕಂದಾಯದ ಹಳೆಯ ನಕ್ಷೆಯಲ್ಲಿ ಕೆರೆ, ಕಾಲುವೆಗಳ ಗೆರೆಯನ್ನು ನೋಡಬೇಕು. ಊರಿನ ಒಬ್ಬ ಹಿರಿಯರನ್ನಾದರೂ ಕೇಳಬೇಕು.

ಈಗ ಯಾರಾದರೂ ಗುದ್ದಲಿ ಪೂಜೆಗೆ ಕರೆದರೆ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ?" ಉತ್ತರ ದೊರೆಯುವವರೆಗೆ ಮುಹೂರ್ತ ಕಾಯುತ್ತದೆ. ಕೆಲವರಿಗೆ ಇದು ವಿಚಿತ್ರವೆನಿಸಿದೆ, ಒಬ್ಬಿಬ್ಬರಿಗೆ ಬೇಸರವೂ ಆಗಿದೆ. ಆದರೂ ಕುರಿ ಮೇಯಿಸುತ್ತಿದ್ದ ಆ ವೃದ್ಧರಿಗೆ ನಾವು ಸಲ್ಲಿಸಬೇಕಾದ ಶರಣಾರ್ಥಿ ಇದೊಂದೇ.