ಕಣ್ಣಿಗೆ ಬಿದ್ದರೆ ಸಾಕೇ?

ಹೊರನಾಡಿಗೆ ಬಂದ ಕನ್ನಡಿಗನು ಮೊದಲು ಹುಡುಕುವುದು ಬಾಡಿಗೆ ಮನೆಯನ್ನು. ಮನೆ ಸಿಕ್ಕಿದ ಮರುದಿನದಿಂದ ಹುಡುಕುವುದು ತನ್ನ ಊರಿನ ಸಾರಿನ ಪುಡಿಯನ್ನು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳವರೂ ಇದಕ್ಕೆ ಹೊರತಲ್ಲ. ಮುವ್ವಲವಾನಿಪಾಲೆಂ ಎಂಬ ಹಳೆಯ ಊರಿನ ಹೆಸರನ್ನು ಮೂರೇ ಅಕ್ಷರಗಳಿಗೆ ಇಳಿಸಿಕೊಂಡಿರುವ ಈ ಬಡಾವಣೆಯಲ್ಲಿ ಗೊಂಗೂರ ಪಚ್ಚಡಿಗೆ ಕೊರತೆಯಿಲ್ಲ, ಆವಕಾಯಿಗೆ ಬರವಿಲ್ಲ. ಅವನ್ನು ನಾವೂ ಚಪ್ಪರಿಸಿ ಉಣ್ಣುತ್ತೇವೆ. ಆದರೂ ಗುಂಟೂರು ಮೆಣಸಿನಕಾಯಿಯ ಖಾರದಲ್ಲಿ ಬ್ಯಾಡಗಿಯ ಬಣ್ಣ ಬರುವುದಿಲ್ಲವಷ್ಟೆ! ಹೀಗಾಗಿ ಬಹುಕಾಲ ನಮ್ಮ ಪುಡಿಗಳೆಲ್ಲ ರಜೆಯಲ್ಲಿ ಊರಿಗೆ ಹೋಗಿ ಬರುವವರ ಟ್ರಂಕಿನಲ್ಲಿಯೇ ಪ್ರಯಾಣ ಮಾಡುತ್ತಿದ್ದವು.

ಈಗ ಕಾಲ ಬದಲಾಗಿದೆ. ಪುಡಿ, ಹಪ್ಪಳ, ಸಂಡಿಗೆಗಳು ಫೋನಿನೊಳಗೇ ಅಂಗಡಿ ತೆರೆದಿವೆ. ೨೦೧೬ರಲ್ಲಿ ಯುಪಿಐ ಬಂದಿತು. ೨೦೧೮ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸಾಪಿನ ಬಿಸಿನೆಸ್ ಆ್ಯಪ್ ನಮ್ಮ ದೇಶಕ್ಕೆ ಕಾಲಿಟ್ಟಿತು. ೨೦೨೦ರ ಲಾಕ್‌ಡೌನ್ ಅನೇಕ ಗೃಹಿಣಿಯರನ್ನು ಅನಿವಾರ್ಯವಾಗಿ ವ್ಯಾಪಾರಸ್ಥರನ್ನಾಗಿ ಮಾಡಿತು. ಅಂಗಡಿಯ ಬಾಡಿಗೆಯಿಲ್ಲ, ಬೋರ್ಡು ಬರೆಸುವ ಖರ್ಚಿಲ್ಲ. ಬೆಳಿಗ್ಗೆ ಹುರಿದ ಚಟ್ನಿಪುಡಿಯ ಚಿತ್ರ ಮಧ್ಯಾಹ್ನದ ಹೊತ್ತಿಗೆ ನೂರು ಮನೆ ತಲುಪಿರುತ್ತದೆ. ಆದರೆ ತಲುಪಿದ ನೂರು ಮನೆಗಳಲ್ಲಿ ಎಷ್ಟು ಮನೆಯವರು ಕೊಳ್ಳುತ್ತಾರೆ? ಕೊಂಡವರಲ್ಲಿ ಎಷ್ಟು ಮಂದಿ ಮತ್ತೆ ಕೇಳುತ್ತಾರೆ? ಪ್ರಶ್ನೆ ಇರುವುದೇ ಇಲ್ಲಿ.

ನಮ್ಮ ಬಳಗದ ಒಬ್ಬ ತಾಯಿಯ ಅನುಭವವನ್ನು ಹೇಳುತ್ತೇವೆ. ಹೆಸರು ಬೇಡ. ಪತಿಯನ್ನು ಕಳೆದುಕೊಂಡ ಮೇಲೆ ಮಗಳ ಕಾಲೇಜಿನ ಖರ್ಚಿಗಾಗಿ ಆಕೆ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುಳಿಪುಡಿಗಳನ್ನು ಮಾಡಿ ಮಾರತೊಡಗಿದರು. ಚಿತ್ರ ತೆಗೆಯುವುದು, ಫೇಸ್‌ಬುಕ್ಕಿನಲ್ಲಿ ಹಾಕುವುದು ಮಗಳ ಕೆಲಸ. ವ್ಯಾಪಾರ ಒಂದು ದಾರಿಗೆ ಬಂತು ಎನ್ನುವಷ್ಟರಲ್ಲಿ ಯಾರೋ ಅದೇ ಚಿತ್ರಗಳನ್ನು ಎತ್ತಿಕೊಂಡು, ಬೇರೊಂದು ಪುಟ ತೆರೆದು, ಅರ್ಧ ಬೆಲೆಗೆ ಪುಡಿ ಕೊಡುವುದಾಗಿ ಮುಂಗಡ ಪಡೆದು ಮಾಯವಾದರು. ಹಣ ಕಳೆದುಕೊಂಡವರು ಡಬ್ಬಿಯ ಚಿತ್ರದ ಮೇಲಿದ್ದ ನಂಬರಿಗೆ ಫೋನು ಮಾಡಿ ಬೈದದ್ದು ಈ ತಾಯಿಯನ್ನು! ಕೆಲವರಂತೂ, ‘ಕನ್ನಡದವರ ಪುಡಿಯ ಸಹವಾಸವೇ ಬೇಡ’ ಎಂದರಂತೆ. ಒಂದು ಮನೆಯ ಪೊಟ್ಟಣಕ್ಕೆ ಅಂಟಿದ ಅನುಮಾನ ಎಲ್ಲ ಮನೆಗಳಿಗೂ ಹಬ್ಬಲು ಒಂದು ವಾರ ಸಾಕಾಯಿತು.

ಆಗ ನಮ್ಮಲ್ಲಿ ಕೆಲವರು ಸಲಹೆ ಕೊಟ್ಟದ್ದು ಇನ್ನೂ ಹೆಚ್ಚು ಜಾಹಿರಾತು ಹಾಕಿ ಎಂದು. ಆಕೆಯೇ ಬೇಡವೆಂದರು. ‘ಕಂಡದ್ದು ಸಾಲದೇ ಹೋಯಿತೆಂದು ಅವರು ಬೈಯುತ್ತಿಲ್ಲ, ನಂಬಿದ್ದಕ್ಕೆ ಬೈಯುತ್ತಿದ್ದಾರೆ’ ಎಂಬುದು ಆ ತಾಯಿಯ ಮಾತು. ಈ ಮಾತಿನ ಹಿಂದೆ ಇರುವ ವಿವೇಕವನ್ನು ನಾವು ನಮ್ಮ ಕಾಲೋನಿಯ ರೈತು ಬಜಾರಿನಲ್ಲಿ ದಿನವೂ ನೋಡಬಹುದು.

ಆಂಧ್ರಪ್ರದೇಶದಲ್ಲಿ ರೈತು ಬಜಾರುಗಳು ಆರಂಭವಾದದ್ದು ೧೯೯೯ರಲ್ಲಿ. ಬೆಳೆದವನೇ ತಂದು ಮಾರಬೇಕು, ನಡುವೆ ದಲ್ಲಾಳಿ ಇರಕೂಡದು ಎಂಬುದು ಅದರ ಉದ್ದೇಶ. ಅಲ್ಲಿ ಮಾರುವ ರೈತನಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಉಂಟು. ಆ ದಿನದ ಬೆಲೆಯನ್ನು ಸಗಟು ದರಕ್ಕಿಂತ ಮೇಲೆ, ಚಿಲ್ಲರೆ ದರಕ್ಕಿಂತ ಕೆಳಗೆ ಗೊತ್ತುಮಾಡಿ, ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯುತ್ತಾರೆ. ಬದನೆಕಾಯಿ ಹುಳುಕಾಗಿದ್ದರೆ ನಾಳೆ ಬಂದು ಕೇಳಲು ಅದೇ ಕಟ್ಟೆ, ಅದೇ ಮುಖ ಇರುತ್ತದೆ. ತೆಲುಗು ಸರಿಯಾಗಿ ಬಾರದ ಹೊಸ ಸೊಸೆಯೂ ಅಲ್ಲಿ ಧೈರ್ಯವಾಗಿ ತರಕಾರಿ ಕೊಳ್ಳುವುದು ಇದರಿಂದಲೇ. ಮಾರುವವನು ಯಾರು, ಬೆಲೆ ಎಷ್ಟು, ತಪ್ಪಾದರೆ ಕೇಳುವುದು ಯಾರನ್ನು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಫೋನಿನ ಅಂಗಡಿಯಲ್ಲಿ ಅನೇಕ ವೇಳೆ ಈ ಮೂರೂ ಮರೆಯಾಗಿರುತ್ತವೆ. ಬೆಲೆ ಕೇಳಿದರೆ ‘ಇನ್‌ಬಾಕ್ಸಿಗೆ ಬನ್ನಿ’ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ.

ಇದು ಹೊಸ ಪಾಠವೂ ಅಲ್ಲ. ಬೆಂಗಳೂರಿನ ಎಂ.ಟಿ.ಆರ್. ೧೯೨೪ರಲ್ಲಿ ಆರಂಭವಾದ ಹೋಟೆಲು. ಅದರ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪು ಸುತ್ತಿ ಬಂದ ಮೇಲೆ ಶುಚಿತ್ವದಲ್ಲಿ ಬಹಳ ಬಿಗಿಯಾದರು. ಊಟಕ್ಕೆ ಬಂದವರು ಅಡಿಗೆಮನೆಯನ್ನು ಕಣ್ಣಾರೆ ನೋಡುವಂತೆ ಮಾಡಿದರು. ದೋಸೆ ಚೆನ್ನಾಗಿದೆಯೆಂದು ಗೋಡೆಯ ಮೇಲೆ ಬರೆಯುವುದಕ್ಕಿಂತ, ದೋಸೆ ಹುಯ್ಯುವ ಕಾವಲಿಯನ್ನೇ ತೋರಿಸುವುದು ಮೇಲಲ್ಲವೇ?

ಇನ್ನು ಸಾಮಾಜಿಕ ಜಾಲತಾಣದಲ್ಲೇ ನಡೆದ ಉದಾಹರಣೆ ಬೇಕೆನ್ನುವವರಿಗೆ ನಮ್ಮ ಕರಾವಳಿ, ಮಲೆನಾಡುಗಳ ಬಾಳೆಕಾಯಿ ಇದೆ. ೨೦೨೧ರಲ್ಲಿ, ಕೊರೊನಾದ ಎರಡನೆಯ ಅಲೆಯ ಹೊತ್ತಿಗೆ, ಬಾಳೆ ಬೆಳೆದವರಿಗೆ ಕೊಳ್ಳುವವರೇ ಇಲ್ಲದಂತಾಯಿತು. ಆಗ ಪುತ್ತೂರಿನ ‘ಅಡಿಕೆ ಪತ್ರಿಕೆ’ಯವರು, ವಿಶೇಷವಾಗಿ ಕಾಸರಗೋಡು ಸೀಮೆಯ ಪತ್ರಕರ್ತ ಶ್ರೀಪಡ್ರೆಯವರು, ಬಾಳೆಕಾಯಿಯನ್ನು ಹುಡಿ ಮಾಡುವ ವಿಚಾರವನ್ನು ಕೈಗೆತ್ತಿಕೊಂಡರು. ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಮುದ್ದಾದ ಹೆಸರು ಬಂದಿತು. ವಿಧಾನ ಸರಳ: ಕಾಯಿಯನ್ನು ತೆಳ್ಳಗೆ ಹೆಚ್ಚಿ, ಚೆನ್ನಾಗಿ ಒಣಗಿಸಿ, ಪುಡಿ ಮಾಡುವುದು. ಅದನ್ನು ಹಬ್ಬಿಸಿದ್ದು ವಾಟ್ಸಾಪ್ ಗುಂಪು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಗೃಹಿಣಿಯರು ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಚಿತ್ರಗಳನ್ನು ಹಂಚಿಕೊಂಡರು. ಅದೇ ವರ್ಷದ ಜುಲೈ ೨೫ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಮಂತ್ರಿಗಳು ಈ ಹೆಂಗಸರ ಪ್ರಯತ್ನವನ್ನು ಇಡೀ ದೇಶಕ್ಕೆ ತಿಳಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪ್ರಧಾನಮಂತ್ರಿಗಳ ಬಾಯಲ್ಲಿ ಹೆಸರು ಬರುವುದು ಎಲ್ಲರಿಗೂ ಲಭಿಸುವ ಭಾಗ್ಯವಲ್ಲ, ನಿಜ. ಆದರೆ ಅದಕ್ಕೆ ಮೊದಲೇ ಆ ಹುಡಿಗೆ ವಿಶ್ವಾಸ ದೊರೆತಿತ್ತು. ಏಕೆಂದರೆ ‘ಇದು ಒಳ್ಳೆಯದು, ಕೊಳ್ಳಿ’ ಎಂದು ಯಾರೋ ಘೋಷಿಸಲಿಲ್ಲ. ‘ನಮ್ಮ ಮನೆಯಲ್ಲಿ ಮಾಡಿದೆವು, ಹೀಗೆ ಬಂತು’ ಎಂದು ನೆರೆಯವರಂಥವರು ತೋರಿಸಿದರು. ಅದರ ಹಿಂದೆ ೧೯೮೮ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟು ನಡೆದುಬಂದ ಪತ್ರಿಕೆಯೊಂದರ ಹೆಸರೂ ಇತ್ತು. ಗುಂಪು ಹುಟ್ಟಿದ್ದು ಕೆಲವೇ ದಿನಗಳಲ್ಲಿ. ಅದಕ್ಕೆ ಬೆನ್ನಾಗಿ ನಿಂತ ನಂಬಿಕೆ ಮೂವತ್ತಮೂರು ವರ್ಷಗಳದು.

ಮತ್ತೆ ನಮ್ಮ ತಾಯಿಯ ಕಥೆಗೆ ಬರೋಣ. ಆಕೆ ಮೊದಲು ಪೊಲೀಸರಲ್ಲಿ ದೂರು ಕೊಟ್ಟರು. ಇಂಥ ಮೋಸವನ್ನು ೧೯೩೦ ಎಂಬ ಸಹಾಯವಾಣಿಗೆ ಕೂಡಲೇ ತಿಳಿಸಬೇಕೆಂಬುದನ್ನು ನಮ್ಮ ಓದುಗರೂ ನೆನಪಿಡುವುದು ಒಳ್ಳೆಯದು. ಆಮೇಲೆ ನಡೆದ ಸಂಗತಿಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು ತಮ್ಮ ಪುಟದಲ್ಲಿ ಹಾಕಿದರು. ಬೈದವರಿಗೆಲ್ಲ ತಿರುಗಿ ಫೋನು ಮಾಡಿ, ‘ಹಣ ಪಡೆದವರು ನಾವಲ್ಲ, ಆದರೂ ನಮ್ಮ ಪುಡಿ ಹೇಗಿದೆ ಎಂದು ನೀವು ನೋಡಬೇಕು’ ಎಂದು ಒಂದೊಂದು ಸಣ್ಣ ಪೊಟ್ಟಣ ಕಳಿಸಿದರು. ಊರಿನೊಳಗಿನವರಿಂದ ಪುಡಿ ಕೈಸೇರಿದ ಮೇಲೆಯೇ ಹಣ ಪಡೆಯುವುದೆಂದು ಗೊತ್ತುಮಾಡಿದರು. ಅಲ್ಲಿಂದ ಮುಂದೆ ಅವರು ಹಾಕುವ ಪ್ರತಿ ಚಿತ್ರದಲ್ಲಿಯೂ ಹುರಿಯುವ ಬಾಣಲೆಯ ಪಕ್ಕದಲ್ಲಿ ಆ ದಿನದ ತಾರೀಖು ಬರೆದ ಸ್ಲೇಟು ಇರುತ್ತದೆ. ಆ ಸ್ಲೇಟನ್ನು ಕದ್ದು ಪ್ರಯೋಜನವಿಲ್ಲ. ಮರುದಿನಕ್ಕೆ ಅದು ಹಳೆಯದಾಗಿರುತ್ತದೆ!

ಇನ್ನೊಂದು ಕೆಲಸವನ್ನೂ ಮಾಡಿದರು. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅದನ್ನು ಮಾಡಿಸಿ, ಅದರ ೧೪ ಅಂಕಿಗಳ ಸಂಖ್ಯೆ, ಮಾಡಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಏನೇನು ಹಾಕಿದೆ ಎಂಬುದನ್ನೆಲ್ಲ ಚೀಟಿಯ ಮೇಲೆ ಅಚ್ಚು ಹಾಕಿಸಿದರು. ‘ಮಳೆಗಾಲದಲ್ಲಿ ಹಪ್ಪಳ ಒಣಗುವುದಿಲ್ಲ, ಆಗ ಮಾಡುವುದಿಲ್ಲ’ ಎಂದೂ ಬರೆದುಬಿಟ್ಟರು. ಆಗದು ಎಂದು ಹೇಳುವ ವ್ಯಾಪಾರಿಯನ್ನು ಜನ ಬೇಗ ನಂಬುತ್ತಾರೆ ಎಂಬುದು ನಮಗೆ ತಿಳಿದದ್ದು ಆಗಲೇ. ವ್ಯಾಪಾರ ಮೊದಲಿನ ಮಟ್ಟಕ್ಕೆ ಬರಲು ಏಳೆಂಟು ತಿಂಗಳು ಹಿಡಿಯಿತು. ಆ ನಡುವೆ ಮಗಳ ಫೀಜಿಗಾಗಿ ಬಳೆಗಳನ್ನು ಅಡವಿಡಬೇಕಾಯಿತು. ಬಳೆಗಳು ಮರಳಿವೆ. ಇಂದು ಆಕೆಯ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೆಲುಗರು.

ಹಣ ಕೊಟ್ಟು ಹೊಗಳಿಕೆ ಬರೆಸುವವರೂ ಇದ್ದಾರೆ. ಪ್ರಸಿದ್ಧರಾದ ಇನ್‌ಸ್ಟಾಗ್ರಾಂ ಮಂದಿ ತಿಂದು ಕಣ್ಣರಳಿಸಿದರೆ ಒಂದು ದಿನದ ಮಟ್ಟಿಗೆ ಗಿರಾಕಿ ನುಗ್ಗುತ್ತಾರೆ. ಹಣ ಪಡೆದು ಹೊಗಳಿದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ೨೦೨೧ರಲ್ಲಿ ಜಾಹಿರಾತು ಮಾನಕ ಮಂಡಳಿಯೂ, ೨೦೨೩ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿವೆ. ನಮ್ಮಂಥ ಸಣ್ಣವರಿಗೆ ಅದರ ಗೊಡವೆಯೇ ಬೇಡ. ಪಕ್ಕದ ಮನೆಯಾಕೆ ತನ್ನ ತಂಗಿಗೆ, ‘ಈ ಪುಡಿ ತೆಗೆದುಕೋ’ ಎಂದು ಕಳಿಸುವ ಒಂದು ಸಾಲಿನ ಮೆಸೇಜು ಅದಕ್ಕಿಂತ ದೂರ ಹೋಗುತ್ತದೆ.

ಕಡೆಯದಾಗಿ ಕನ್ನಡ ಸಂಘಗಳಿಗೆ ಒಂದು ಸೂಚನೆ. ಹೊರನಾಡಿನಲ್ಲಿ ‘ಉಡುಪಿ ಹೋಟೆಲು’ ಎಂಬ ಹಲಗೆಯನ್ನು ಕಂಡು ಭಾಷೆ ಬಾರದವರೂ ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆ. ಆ ಹೆಸರನ್ನು ಗಳಿಸಿದ್ದು ಬೆಳಗಿನ ಜಾವ ನಾಲ್ಕಕ್ಕೆದ್ದು ಹಿಟ್ಟು ರುಬ್ಬಿದ ಎಷ್ಟೋ ಮಂದಿ. ಈಗ ಫೋನಿನಲ್ಲಿ ವ್ಯಾಪಾರಕ್ಕಿಳಿದಿರುವ ನಮ್ಮ ಹೆಣ್ಣುಮಕ್ಕಳು ಅದೇ ಹೆಸರಿನ ನೆರಳಿನಲ್ಲಿದ್ದಾರೆ. ಆ ನೆರಳನ್ನು ಉಳಿಸುವ ಹೊಣೆಯೂ ಅವರ ಮೇಲಿದೆ. ರಾಜ್ಯೋತ್ಸವದ ದಿನ ಸಂಘದ ಅಂಗಳದಲ್ಲಿ ಇಂಥವರಿಗೆ ನಾಲ್ಕು ಮೇಜು ಹಾಕಿಕೊಟ್ಟರೆ, ಫೋನಿನಲ್ಲಿ ಕಂಡ ಪುಡಿಯ ಹಿಂದಿರುವ ಮುಖವನ್ನು ಜನ ನೋಡುತ್ತಾರೆ, ರುಚಿ ನೋಡುತ್ತಾರೆ, ಉಪ್ಪು ಹೆಚ್ಚಾಗಿದ್ದರೆ ಎದುರಿಗೇ ಹೇಳುತ್ತಾರೆ. ಸಂಘದ ಸದಸ್ಯರಲ್ಲಿ ಯಾರು ಏನು ಮಾಡುತ್ತಾರೆ, ನೋಂದಣಿ ಇದೆಯೇ ಎಂಬ ಒಂದು ಪಟ್ಟಿಯನ್ನು ವರ್ಷಕ್ಕೊಮ್ಮೆ ಸಿದ್ಧಪಡಿಸಿದರೂ ಉಪಕಾರವಾದೀತು. ಖರ್ಚು ಹೆಚ್ಚಿನದಲ್ಲ. ಬರುವ ನವೆಂಬರಿಗೆ ಇನ್ನೂ ಸಮಯವಿದೆ. ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡಲಿ ಎಂದು ಕೋರುತ್ತೇವೆ. ಮೇಜು ಹೊರಲು ನಾವು ಬರುತ್ತೇವೆ.